ಎರಡು ಬೆರಳು ಕಮ್ಮಿ

ಅವ್ವ ಬರುತ್ತಾಳೆಂದು ಗೊತ್ತಾದಾಗಿನಿಂದ ಗುರುಪಾದನ ಕಣ್ಣು ಸುತ್ತಿ ಸುತ್ತಿ ಆ ಕಬ್ಬಿಣದ ಚೌಕಟ್ಟಿನ ಮೇಲೆಯೇ ಬಂದು ಬೀಳುತ್ತಿತ್ತು. ಬೇಡವೆಂದು ರಸ್ತೆಯ ಕಡೆ ಮುಖ ಮಾಡಿದರೆ ಅಲ್ಲಿ ಹವಳಗಾದ ಕಾರ್ಖಾನೆಗೆ ಹೊರಟ ಟ್ರ್ಯಾಕ್ಟರುಗಳ ಸಾಲು. ಒಂದೊಂದರ ಹಿಂದೆ ಎರಡೆರಡು ಟ್ರಾಲಿ, ಟ್ರಾಲಿಯ ಎರಡೂ ಬದಿಗೆ ಮೊಳದುದ್ದ ಹೊರಚಾಚಿದ ಕಬ್ಬು. ಕಬ್ಬಿನ ತುದಿ ಕುರಿಯರ್ ಅಂಗಡಿಯ ಬೋರ್ಡನ್ನು ಸವರಿಕೊಂಡು ಹೋಗುವಾಗ ತಗಡು ಕಿರ್ರೆನ್ನುತ್ತಿತ್ತು. ಇವನ್ನು ಯಾರೂ ಅಳೆಯುವುದಿಲ್ಲ ಎಂದುಕೊಂಡ. ಅಳೆಸಿಕೊಳ್ಳುವ ಕರ್ಮವೆಲ್ಲ ತನ್ನ ಕೌಂಟರಿಗೆ ಬರುವ ಬಡಪಾಯಿ ಗಂಟುಗಳಿಗೇ. ಮತ್ತೆ ಕಣ್ಣು ಚೌಕಟ್ಟಿಗೆ ಬಂತು. ಅದು ಕೌಂಟರಿನ ಪಕ್ಕ, ಮೇಲಿನ ಮನೆಗೆ ಹತ್ತುವ ಮೆಟ್ಟಿಲಿನ ಬುಡದಲ್ಲಿ, ನಾಲ್ಕು ಕಾಲಿನ ಮೇಲೆ ನಿಂತಿತ್ತು. ಕಬ್ಬಿಣದ ಪಟ್ಟಿ ಬೆಸೆದು ಹಸಿರು ಬಣ್ಣ ಬಳಿದದ್ದು. ಪಾರ್ಸಲಿನ ಉದ್ದ ನೋಡಲಿಕ್ಕೆ ಕೌಂಟರಿನ ಮೇಲೆ ಒಂದು ಕೆಂಪು ಗೆರೆ, ಅಗಲಕ್ಕೂ ಎತ್ತರಕ್ಕೂ ಈ ಚೌಕಟ್ಟು. ಇದರೊಳಗಿಂದ ತೂರಿ ಆ ಕಡೆ ಬಿದ್ದದ್ದು ಮಧ್ಯಾಹ್ನದ ಗಾಡಿ ಹತ್ತಿ ಪುಣೆಗೋ ಹೈದರಾಬಾದಿಗೋ ಹೋಗುತ್ತದೆ, ಸಿಕ್ಕಿಬಿದ್ದದ್ದು ತಂದವರ ಬಗಲಿಗೇರಿ ಮನೆಗೆ ವಾಪಸು. ಅಫಜಲಪುರದ ಮಂದಿಗೆ ಇದು ರೂಢಿಯಾಗಿಹೋಗಿತ್ತು. ಚೌಕಟ್ಟು ಒಳಗಿನಿಂದ ಎರಡು ಬೆರಳು ಕಮ್ಮಿ ಇದೆಯೆಂಬುದು ಮಾತ್ರ ಇಡೀ ಊರಿನಲ್ಲಿ ತನ್ನೊಬ್ಬನಿಗೇ ಗೊತ್ತು ಎಂದು ಗುರುಪಾದ ತಿಳಿದಿದ್ದ.

ಆ ತಪ್ಪು ಹುಟ್ಟಿದ್ದು ಒಂದು ಫೋನಿನಲ್ಲಿ. ಅದಕ್ಕೂ ಮೊದಲು ಅವನು ಟೇಪು ಹಿಡಿದೇ ಅಳೆಯುತ್ತಿದ್ದ. ಒಮ್ಮೆ ಯಾರದೋ ಪಾರ್ಸಲು ಅಳತೆ ಮೀರಿದೆಯೆಂದು ಕಂಪನಿಯ ಗೋದಾಮಿನಿಂದ ತಿರುಗಿ ಬಂದುಬಿಟ್ಟಿತು. ಮಾವ ಬಸವಂತರಾಯರು ಬೈಯಲಿಲ್ಲ. ಅವರು ಯಾವತ್ತೂ ಬೈದವರಲ್ಲ, ತೊಂದರೆಯೇ ಅದು. ಬೈದರೆ ಎದುರು ಮಾತಾಡಬಹುದು, ಸಿಟ್ಟಿನ ಭರದಲ್ಲಿ ಚಪ್ಪಲಿ ಮೆಟ್ಟಿ ಹೊರಟೇ ಹೋಗಬಹುದು. ಅವರು ಪಾಳಿಯಲ್ಲಿ ನಿಂತ ಮಂದಿಯ ಕಡೆ ನೋಡಿ ನಗುತ್ತ, ನಮ್ಮ ಅಳಿಯಂದ್ರು ಬಿ.ಎ. ಓದ್ಯಾರ್ರಿ, ಅವರದೇನಿದ್ರೂ ದೊಡ್ಡ ಕಣ್ಣು, ಸಣ್ಣ ಗೆರಿ ಕಾಣಂಗಿಲ್ಲ ಎಂದರು. ಮಂದಿ ನಕ್ಕರು. ಗುರುಪಾದನೂ ನಕ್ಕ. ಒಬ್ಬಳೇ ಮಗಳನ್ನು ಕೊಟ್ಟು, ಮೇಲೆ ಮನೆ ಕೆಳಗೆ ಅಂಗಡಿ ಎಂದು ಅನ್ನಕ್ಕೂ ನೆರಳಿಗೂ ದಾರಿ ಮಾಡಿ ಮನೆಯಲ್ಲೇ ಇಟ್ಟುಕೊಂಡ ಮಾವ ನಗುತ್ತಿರುವಾಗ ಅಳಿಯನಾದವನು ಇನ್ನೇನು ಮಾಡಿಯಾನು. ಅವತ್ತೇ ಚೌಕಟ್ಟಿನ ವಿಚಾರ ಬಂತು, ಮಾಡಿಸುವ ಜವಾಬ್ದಾರಿ ಇವನ ತಲೆಗೇ ಬಿತ್ತು. ವೆಲ್ಡಿಂಗ್ ಅಂಗಡಿಯ ಶರಫುದ್ದೀನನಿಗೆ ಕಂಪನಿಯ ಅಳತೆ ಹೇಳಿ ಬಂದ. ಪಟ್ಟಿ ಕತ್ತರಿಸುವ ಹೊತ್ತಿಗೆ ಶರಫುದ್ದೀನ ಫೋನು ಮಾಡಿ, ಈ ಮಾಪು ಒಳಗಿನದೋ ಹೊರಗಿನದೋ ಎಂದು ಕೇಳಿದ. ಆ ಗಳಿಗೆಗೆ ಸರಿಯಾಗಿ ಮಾವ ಎದುರಿಗೇ ನಿಂತು, ಚೌಕಟ್ಟು ಮೆಟ್ಟಿಲಿಗೆ ಅಡ್ಡ ಬಂದರೆ ಮನೆಮಂದಿ ಹೇಗೆ ಅಡ್ಡಾಡಬೇಕೆಂದು ಗೋಡೆಯಿಂದ ಮೆಟ್ಟಿಲಿನವರೆಗೆ ಗೇಣು ಹಾಕಿ ತೋರಿಸುತ್ತಿದ್ದರು. ಗುರುಪಾದನ ತಲೆತುಂಬ ಆ ಜಾಗವೇ ತುಂಬಿತ್ತು. ಹೊರಗಿಂದ ಹಿಡೀರಿ ಎಂದುಬಿಟ್ಟ. ಸಂಜೆ ಚೌಕಟ್ಟು ಬಂದ ಮೇಲೆ ಟೇಪು ಹಿಡಿದು ನೋಡಿದರೆ, ಪಟ್ಟಿಯ ದಪ್ಪ ಎಲ್ಲ ಕಡೆ ಒಳಗಿನ ಜಾಗವನ್ನೇ ತಿಂದಿತ್ತು. ಹೇಳಬೇಕೆಂದು ಬಾಯಿ ತೆರೆದ. ಅಷ್ಟರಲ್ಲಿ ಮಾವ ಅದಕ್ಕೆ ವಿಭೂತಿ ಎಳೆದು, ಊದಿನಕಡ್ಡಿ ಬೆಳಗಿ, ಟೆಂಗಿನಕಾಯಿ ಒಡೆದಿದ್ದರು. ಪೂಜೆಯಾದ ವಸ್ತುವಿಗೆ ತಪ್ಪೆನ್ನುವುದು ಹೇಗೆ, ನಾಳೆ ಹೇಳೋಣವೆಂದುಕೊಂಡ. ಮರುದಿನ ಮಾವ ಟೇಪನ್ನು ತಮ್ಮ ಡ್ರಾಯರಿನಲ್ಲಿ ಹಾಕಿ ಕೀಲಿ ಜಡಿದರು, ಚೌಕಟ್ಟು ಇದ್ದ ಮ್ಯಾಲ ಇದರ ದರಕಾರ ಇಲ್ಲ ಎಂದರು. ಹೇಳುವುದು ಹಾಗೆಯೇ ನಿಂತುಹೋಯಿತು, ಎರಡು ಮಳೆಗಾಲ ಕಳೆದವು.

ಎರಡು ಬೆರಳಿನಿಂದ ಏನು ಮುಳುಗುತ್ತದೆ ಎಂದು ಮೊದಮೊದಲು ತನಗೆ ತಾನೇ ಹೇಳಿಕೊಂಡಿದ್ದ. ಮುಳುಗುವುದನ್ನು ಕಣ್ಣಾರೆ ನೋಡಬೇಕಾಯಿತು. ಜೇವರ್ಗಿ ಕಡೆಯ ಮುದುಕನೊಬ್ಬ ಮೊಮ್ಮಗನಿಗೆಂದು ಬಡಿಗನ ಕೈಯಲ್ಲಿ ಮಾಡಿಸಿದ ಕಟ್ಟಿಗೆಯ ಕುದುರೆ ತಂದಿದ್ದ. ಕಿವಿ ಎರಡೂ ಪಟ್ಟಿಗೆ ತಾಗಿದವು. ಮುದುಕ ಹೊರಗೆ ಹೋಗಿ ಎಲ್ಲಿಂದಲೋ ಗರಗಸ ತಂದು ಕಟ್ಟೆಯ ಮೇಲೆ ಕೂತು ಕಿವಿ ಕೊಯ್ದ, ಕೊಯ್ದ ಕಿವಿಗಳನ್ನು ಕಾಗದದಲ್ಲಿ ಸುತ್ತಿ ಕುದುರೆಯ ಹೊಟ್ಟೆಗೆ ಕಟ್ಟಿದ. ಆಮೇಲೆ ಮಲ್ಕಮ್ಮ. ಆಕೆ ಪುಣೆಯ ಖಾನಾವಳಿಯೊಂದಕ್ಕೆ ಕಡಕ್ ರೊಟ್ಟಿ ಬಡಿದು ಕಳಿಸುವವಳು, ತವೆಯಷ್ಟಗಲದ ರೊಟ್ಟಿ. ಡಬ್ಬಿ ಸಿಕ್ಕಿಬಿದ್ದಾಗ ಗುರುಪಾದನೇ ಸುತಳಿಯಿಂದ ಒಂದು ಬಳೆ ಮಾಡಿ, ಇದರೊಳಗೆ ಕೂಡುವಷ್ಟು ಬಡಿಯಲು ಹೇಳಿ ಕಳಿಸಿದ್ದ. ಮುಂದಿನ ಸಲ ಬಂದಾಗ ಆಕೆ, ಕೈ ಕೇಳವಲ್ಲದ್ರಿ ಸರ, ಬಡೀತ ಬಡೀತ ತಾನ ದೊಡ್ಡದು ಮಾಡ್ತದ ಎಂದು ನಾಚಿಕೊಂಡು ಹೇಳಿದಳು. ಈಗ ಕೈ ಕಲಿತಿದೆ. ಮನೆಯಲ್ಲಿ ಬಡಿದರೂ ಅಷ್ಟೇ ಬರುತ್ತದಂತೆ, ಗಂಡ ಶಿವರಾಯ ಊಟಕ್ಕೆ ಕೂತಾಗ ಒಂದು ರೊಟ್ಟಿ ಹೆಚ್ಚು ಬೇಡುತ್ತಾನಂತೆ. ಆಕೆಯನ್ನು ನೋಡಿ ಓಣಿಯ ಉಳಿದ ಹೆಂಗಸರೂ ಹಾಗೆಯೇ ಬಡಿಯಲು ಶುರುಮಾಡಿ, ಅಂಗಡಿಗಳಲ್ಲಿ ಅದಕ್ಕೆ ಕುರಿಯರ್ ರೊಟ್ಟಿ ಎಂದೇ ಹೆಸರು ಬಿತ್ತು. ಫೋನಿನಲ್ಲಿ ತಪ್ಪಿ ಆಡಿದ ಒಂದು ಮಾತಿನಿಂದ ಒಂದು ಊರಿನ ರೊಟ್ಟಿ ಸಣ್ಣದಾಗುತ್ತದೆಯೆಂದರೆ ನಗಬೇಕೋ ಅಳಬೇಕೋ. ಅವನಿಗೆ ನಗು ಬರುತ್ತಿತ್ತು, ಹಿಂದೆಯೇ ಕುತ್ತಿಗೆ ಬೆವರುತ್ತಿತ್ತು. ಮೇಲಿನ ಕೋಣೆಯಲ್ಲಿರುವ ಮಂಚ ಮಾವನ ಮನೆತನದ ಗಿಡ್ಡ ಮೈಕಟ್ಟಿನವರಿಗೆ ಮಾಡಿಸಿದ್ದು. ಮದುವೆಯಾಗಿ ಬಂದ ದಿನದಿಂದ ಗುರುಪಾದ ಮೊಣಕಾಲು ಮಡಚಿಯೇ ಮಲಗಿದ್ದಾನೆ. ಬೇರೆ ಮಂಚ ಮಾಡಿಸೋಣ ಅಪ್ಪನಿಗೆ ಹೇಳುತ್ತೇನೆ ಎಂದು ಹೆಂಡತಿ ಶೈಲಶ್ರೀ ಎಷ್ಟೋ ಸಲ ಅಂದಿದ್ದಳು, ಬೇಡ ಎಂದು ಬಾಯಿ ಮುಚ್ಚಿಸಿದ್ದ. ಹೋದ ಯುಗಾದಿಗೆ ತನ್ನ ಹಳ್ಳಿ ಕಿಣ್ಣಿ ಸುಲ್ತಾನದಲ್ಲಿ ಅವ್ವನ ಮನೆಯ ನೆಲದ ಮೇಲೆ ಮಲಗಿದಾಗಲೂ ಕಾಲು ತಾವಾಗಿ ಮಡಚಿಕೊಂಡವು. ಅಷ್ಟು ಜಾಗವಿದ್ದರೂ ಚಾಚಲಿಕ್ಕೆ ಮನಸ್ಸಾಗಲಿಲ್ಲ.

ಅವ್ವ ನಿಂಬೆವ್ವ ಬಂದಳು. ತಲೆಯ ಮೇಲೆ ದೊಡ್ಡ ಗಂಟು, ಗಂಟಿನ ಭಾರಕ್ಕೆ ಕುತ್ತಿಗೆ ನೆಟ್ಟಗೆ. ಆಳಂದಕ್ಕೆ ಬಂದು ಅಲ್ಲಿಂದ ಇನ್ನೊಂದು ಬಸ್ಸು ಹಿಡಿದು, ದಾರಿಯುದ್ದಕ್ಕೂ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಬಂದಿದ್ದಳೆಂದು ಸೀರೆಯ ಮುದ್ದೆಯೇ ಹೇಳುತ್ತಿತ್ತು. ಪುಣೆಯಲ್ಲಿ ಗಂಡನ ಮನೆಯಲ್ಲಿರುವ ತಂಗಿ ಸೀಮಾಳಿಗೆ ಎರಡನೆಯದು ಹೆಣ್ಣಾಗಿತ್ತು. ತೊಟ್ಟಿಲ ಕಾರ್ಯ ಹತ್ತಿರ ಬಂದಿತ್ತು, ಇತ್ತ ತೊಗರಿಯ ರಾಶಿಯೂ ಬಂದಿತ್ತು. ರಾಶಿ ಬಿಟ್ಟು ಹೋಗುವಂತಿಲ್ಲ. ಅದಕ್ಕೇ ತನ್ನ ಬದಲು ಹಳೆಯ ಅರಿವೆಗಳನ್ನು ಕೂಡಿಸಿ ಒಂದು ಕೌದಿ ಹೊಲಿದು ಕಳಿಸುತ್ತಿದ್ದಳು. ನಾ ಹೋಗದಿದ್ರೂ ಅದು ಹೋಗಿ ಕೂಸಿನ್ನ ಅಪ್ಪಿಕೊಳ್ಳತದ ಎಂದು ಫೋನಿನಲ್ಲಿ ಹೇಳಿದ್ದಳು. ಆಳಂದದಲ್ಲೇ ಎಲ್ಲಿಯಾದರೂ ಕೊಡಬಹುದಿತ್ತು. ಆದರೆ ಮಗ ಕೂತ ಜಾಗದಿಂದ ಹೋದರೆ ಸರಿಯಾಗಿ ಮುಟ್ಟುತ್ತದೆ ಎಂಬ ಭರವಸೆ ಆಕೆಗೆ. ಬೇಡ ಅವ್ವ, ಅಲ್ಲೇ ಕೊಡು ಎಂದು ಹೇಳಲು ಗುರುಪಾದನಿಗೆ ಕಾರಣ ಸಿಕ್ಕಿರಲಿಲ್ಲ. ಇದ್ದ ಕಾರಣ ಹೇಳುವಂಥದ್ದಲ್ಲ.

ಬಸವಂತರಾಯರು ಎದ್ದು ನಿಂತು ಕೈಮುಗಿದರು. ಬರ್ರಿ ಬೀಗರ ಬರ್ರಿ ಎಂದು ಪ್ಲಾಸ್ಟಿಕ್ ಕುರ್ಚಿಯನ್ನು ತಮ್ಮ ಹೆಗಲ ಮೇಲಿನ ವಲ್ಲಿಯಿಂದಲೇ ಒರೆಸಿ ಹಾಕಿದರು, ಚಹಾಕ್ಕೆ ಹೇಳಿ ಕಳಿಸಿದರು, ರಾಶಿ ಹೆಂಗ ಬಂತು, ಮಳಿ ಕೈ ಕೊಡಲಿಲ್ಲ ಹೌದಿಲ್ರಿ ಎಂದು ವಿಚಾರಿಸಿದರು. ಬಳಿಕ ಕೌಂಟರಿನಲ್ಲಿ ಎದುರಿಗೇ ನಿಂತಿದ್ದವನಿಗೆ, ಅಳಿಯಂದ್ರ, ನಿಮ್ಮ ಅವ್ವನವ್ರು ಬಂದಾರ ನೋಡ್ರಿ ಎಂದರು, ಅವನಿಗೆ ಕಾಣಿಸಿಲ್ಲವೇನೋ ಎಂಬಂತೆ. ಅವ್ವ ಕುರ್ಚಿಯ ತುದಿಯಲ್ಲಿ ಕೂತು, ಅರಾಮ ಇದ್ದೀರಿಲ್ರಿ ಎಂದು ಮಗನನ್ನು ಕೇಳಿದಳು. ಹೂಂ ಅಂದ. ಮದುವೆಯ ನಂತರ ಟ್ರಂಕು ಹೊತ್ತು ಮನೆಯಿಂದ ಹೊರಬಿದ್ದ ಮುಂಜಾನೆ ಹೊಸ್ತಿಲಲ್ಲಿ ನಿಂತು ಆಕೆ ಮೊದಲ ಸಲ, ಹೋಗಿ ಬರ್ರಿ ಅಂದಿದ್ದಳು. ಚೇಷ್ಟೆಯೆಂದು ಅವನು ನಕ್ಕಿದ್ದ. ಆಕೆ ನಗಲಿಲ್ಲ. ಅವತ್ತಿನಿಂದ ಈ ಮರ್ಯಾದೆ ಬಿಟ್ಟಿಲ್ಲ, ಫೋನಿನಲ್ಲಿ ಕೂಡ. ಇನ್ನೊಬ್ಬರಿಗೆ ಒಪ್ಪಿಸಿದ ವಸ್ತುವನ್ನು ಮೊದಲಿನ ಹಾಗೆ ಕೈಹಾಕಿ ಎಳೆಯಬಾರದೆಂದು ಆಕೆಯ ಲೆಕ್ಕ ಇರಬೇಕು. ಒಂದು ಸಲವಾದರೂ ಏ ಗುರ್ಯಾ ಎಂದು ಕೂಗಿ ಬೈಯಲಿ ಎಂದು ಅವನ ಜೀವ ಬಡಿದುಕೊಳ್ಳುತ್ತಿತ್ತು.

ಗಂಟು ಬಿಚ್ಚಿದಾಗ ಪಾಳಿಯಲ್ಲಿದ್ದ ಮಂದಿಯೆಲ್ಲ ಕತ್ತು ಚಾಚಿದರು. ಮಲ್ಕಮ್ಮ ರೊಟ್ಟಿಯ ಡಬ್ಬಿ ಕೆಳಗಿಟ್ಟು ಕೌದಿಯ ಒಂದು ತುದಿ ಹಿಡಿದು, ಎಂಥಾ ದಾರ ಎಳದೀರಬೇ ಎಕ್ಕಾ ಎಂದಳು. ಗುರುಪಾದನಿಗೆ ಹೊಲಿಗೆ ಕಾಣಲಿಲ್ಲ, ಬಟ್ಟೆಗಳು ಕಂಡವು. ಅಪ್ಪನ ಧೋತರದ ಕಂದಿದ ಬಿಳುಪು. ತನ್ನ ಸಾಲೆಯ ಖಾಕಿ ಚಡ್ಡಿ, ಅದರ ಕಿಸೆಯ ಗುರುತು ಇನ್ನೂ ಇತ್ತು. ಸೀಮಾಳ ಹೂವಿನ ಫ್ರಾಕು, ಆ ಫ್ರಾಕು ಹಾಕಿಕೊಂಡು ಆಕೆ ಹಳ್ಳದಲ್ಲಿ ಜಾರಿ ಬಿದ್ದದ್ದು, ತಾನು ದಬ್ಬಿದೆನೆಂದು ಅಪ್ಪ ಹೊಡೆದದ್ದು, ತಾನು ದಬ್ಬಿದ್ದು ಹೌದೋ ಅಲ್ಲವೋ ಇವತ್ತಿಗೂ ಖಾತ್ರಿಯಿಲ್ಲ. ಸುತ್ತ ನಾಲ್ಕೂ ಕಡೆ ಚಂಪಾ ಬಣ್ಣದ ದಪ್ಪ ಮಖಮಲ್ಲಿನ ಅಂಚು. ಪುಣೆಯ ಚಳಿಗೆಂದು ಅವ್ವ ಅದನ್ನು ಇಮ್ಮಡಿ ಮಡಿಸಿ ಹೊಲಿದಿದ್ದಳು. ಅವನ ಕೈ ತಾನಾಗಿ ಕೊನೆಯ ಮೂಲೆಗೆ ಹೋಯಿತು. ಅಲ್ಲಿ ಬಟ್ಟೆಯೊಳಗೆ ಗಟ್ಟಿಯಾದದ್ದೊಂದು ಬೆರಳಿಗೆ ಹತ್ತಿತು. ತುತ್ತು. ಕೌದಿ ಮುಗಿಯುವಾಗ ಕೊನೆಯ ಮೂಲೆಯಲ್ಲಿ ಹೋಳಿಗೆಯ ಚೂರೊಂದಿಟ್ಟು ಬಾಯಿ ಹೊಲಿಯುವುದು ಅವ್ವನ ಮನೆಯ ಪದ್ಧತಿ. ಕೌದಿಯ ಹೊಟ್ಟೆ ತುಂಬಿರಬೇಕು, ಹಸಿದ ಕೌದಿ ಹೊದ್ದವರನ್ನು ಬೆಚ್ಚಗೆ ಇಡುವುದಿಲ್ಲ ಎಂದು ಆಕೆಯ ನಂಬಿಕೆ. ಚಿಕ್ಕವನಿದ್ದಾಗ ಅವನು ಈ ತುತ್ತಿಗಾಗಿ ನೆಲಕ್ಕೆ ಬಿದ್ದು ಹೊರಳಾಡಿ ಅತ್ತಿದ್ದ. ನನಗೆ ಕೊಡದೆ ಅರಿವೆಗೆ ಯಾಕೆ ತಿನ್ನಿಸುತ್ತೀ ಎಂಬುದು ಅವನ ತಕರಾರು. ಅವ್ವ ನಗಾಡಿ ಚೂರನ್ನು ಅರ್ಧ ಮಾಡಿ ಒಂದನ್ನು ಕೌದಿಗೂ ಒಂದನ್ನು ಅವನ ಬಾಯಿಗೂ ಇಟ್ಟಿದ್ದಳು.

ಮಡಚಲು ಶುರುಮಾಡಿದ. ಉದ್ದಕ್ಕೆ ಮಡಚಿದರೆ ಚೌಕಟ್ಟಿನಲ್ಲಿ ಸಲೀಸಾಗಿ ಹೋಗುತ್ತಿತ್ತು, ಆದರೆ ಕೆಂಪು ಗೆರೆ ದಾಟುತ್ತಿತ್ತು. ಇನ್ನೊಂದು ಮಡಿಕೆ ಹಾಕಿದರೆ ಗೆರೆಯ ಒಳಗೆ ಬರುತ್ತಿತ್ತು, ಆದರೆ ಉಬ್ಬಿಕೊಂಡು ಚೌಕಟ್ಟಿನಲ್ಲಿ ಸಿಕ್ಕಿಬೀಳುತ್ತಿತ್ತು. ಸುರುಳಿ ಸುತ್ತಿದ. ಹಗ್ಗ ಹಾಕಿ ಬಿಗಿದ. ಕೊನೆಗೆ ನೆಲಕ್ಕೆ ಹಾಕಿ ಮೊಣಕಾಲೂರಿ ಅಪ್ಪನ ಧೋತರದ ಮೇಲೆ ಭಾರ ಬಿಟ್ಟು ಕೂತ. ಕೈ ತೆಗೆದ ಕೂಡಲೇ ಅದು ಉಸಿರೆಳೆದುಕೊಂಡು ಮೊದಲಿನಷ್ಟೇ ಆಯಿತು. ಉಳಿಯುತ್ತಿದ್ದದ್ದು ಎರಡು ಬೆರಳು. ಹೆಚ್ಚಿಲ್ಲ, ಕಮ್ಮಿಯಿಲ್ಲ, ಆ ಎರಡೇ ಬೆರಳು. ಅವನ ಅಂಗಿ ಬೆನ್ನಿಗೆ ಅಂಟಿತ್ತು. ಪಾಳಿ ಬೆಳೆಯುತ್ತಿತ್ತು, ಮಧ್ಯಾಹ್ನದ ಗಾಡಿ ಆಗಲೇ ಬಂದು ರಸ್ತೆಯಂಚಿಗೆ ನಿಂತಿತ್ತು. ಈ ಗಾಡಿ ತಪ್ಪಿದರೆ ನಡುವೆ ರಜೆ, ಕೌದಿ ತೊಟ್ಟಿಲಿಗೆ ಮುಟ್ಟುವುದಿಲ್ಲ. ಬಸವಂತರಾಯರು ತಮ್ಮ ಕುರ್ಚಿಯಿಂದ ಏಳದೆ ಎಲ್ಲರಿಗೂ ಕೇಳುವಂತೆ ಮಾತಾಡಿದರು. ಬೀಗರದು ಅಂತ ಬಿಟ್ಟರೆ ನಾಳೆ ಮಂದಿ ಏನೆಂದಾರು, ಮಲ್ಕಮ್ಮನೇ ಮೊದಲು ಕೇಳುತ್ತಾಳೆ, ಹೌದಿಲ್ಲ ಮಲ್ಕಮ್ಮ ಎಂದರು. ಮಲ್ಕಮ್ಮ ಸೆರಗು ಸರಿಮಾಡಿಕೊಂಡಳು. ಆಮೇಲೆ ಅವರು ನಿಂಬೆವ್ವನ ಕಡೆ ತಿರುಗಿ ಬಹಳ ಪ್ರೀತಿಯಿಂದ ಹೇಳಿದರು:

"ಈ ಚೌಕಟ್ಟು ನಿಮ್ಮ ಮಗನೇ ಮುಂದ ನಿಂತು ಮಾಡಿಸ್ಯಾರ್ರಿ ಬೀಗರ. ಒಂದು ಕೂದಲ ಆಚಿಗಿ ಈಚಿಗಿ ಇಲ್ಲ."

ಅವ್ವ ಎದ್ದು ಬಂದಳು. ಚೌಕಟ್ಟಿನ ಮೇಲೆ ಅಂಗೈ ಇಟ್ಟಳು. ತೊಗರಿಯ ಕಟ್ಟಿಗೆ ತರಚಿ ಗೀರು ಬಿದ್ದ ಕೈ, ಹಸಿರು ಬಣ್ಣದ ಮೇಲೆ ನಿಧಾನವಾಗಿ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಹೋಯಿತು. ಹೊಸದಾಗಿ ಕೊಂಡ ಎತ್ತಿನ ಮೈ ಸವರುವಾಗ ಅಪ್ಪನ ಕೈ ಹಾಗೆ ಹೋಗುತ್ತಿತ್ತು. ಆಕೆಯ ಮುಖದ ಮೇಲೆ ಏನೋ ಬೆಳಗಿತು. ಇಷ್ಟು ದಿನ ಇವನು ಈ ಊರಲ್ಲಿ ಏನು ಮಾಡುತ್ತಾನೆ, ಇವನದು ಅನ್ನುವುದು ಏನಿದೆ ಎಂದು ಆಕೆಗೆ ಗೊತ್ತಿರಲಿಲ್ಲ. ಈಗ ಒಂದು ಸಿಕ್ಕಿತ್ತು. ಹೇಳಿಬಿಡು ಎಂದು ಗುರುಪಾದನ ಒಳಗೆ ಒಬ್ಬ ಕೂಗುತ್ತಿದ್ದ. ಅವ್ವ, ಇದು ತಪ್ಪಾದದ್ದು, ನಾನೇ ತಪ್ಪಿ ಹೇಳಿದ್ದು, ನಿನ್ನ ಕೌದಿ ಸರಿಯಿದೆ. ಇಷ್ಟೇ ಮಾತು. ನಾಲಿಗೆಯ ಮೇಲೆ ಬಂದು ಕೂತಿತ್ತು ಕೂಡ. ಆದರೆ ಎದುರಿಗೆ ಮಲ್ಕಮ್ಮ, ಆಕೆಯ ಡಬ್ಬಿಯಲ್ಲಿ ಸುತಳಿಯ ಬಳೆಗೆ ಕೂಡುವ ರೊಟ್ಟಿ. ಪಕ್ಕದಲ್ಲಿ ಮಾವ. ಎರಡು ವರ್ಷ ಗೊತ್ತಿದ್ದೂ ಬಾಯಿ ಮುಚ್ಚಿಕೊಂಡಿದ್ಯಾ ಎಂದು ಯಾರಾದರೂ ಕೇಳಿದರೆ? ಎಲ್ಲಕ್ಕಿಂತ ಮೇಲೆ ಆ ಪಟ್ಟಿಯ ಮೇಲಿದ್ದ ಅವ್ವನ ಅಂಗೈ. ಈಗ ಸತ್ಯ ಹೇಳಿದರೆ ಆ ಕೈಯನ್ನು ಅಲ್ಲಿಂದ ಕಿತ್ತ ಹಾಗೆ. ತಾನು ಸುಮ್ಮನಿರುವುದು ಅವ್ವನಿಗಾಗಿಯೇ ಎಂದು ಆ ಗಳಿಗೆಯಲ್ಲಿ ಅವನು ನಂಬಿದ. ಹೇಡಿಗೆ ಇಂಥ ನಂಬಿಕೆ ಬಹಳ ಸುಲಭವಾಗಿ ಸಿಗುತ್ತದೆ.

"ನಮ್ಮವರು ಮಾಡಿಸಿದ್ದು ಅಂದ ಮ್ಯಾಲ ಸರೀನೇ ಇರ್ತದ ತಗೋರಿ," ಎಂದಳು ನಿಂಬೆವ್ವ. "ನನ್ನ ಕೌದೀನೇ ಜಾಸ್ತಿ ಆಗ್ಯದ."

ಮಗನ ಕಡೆ ತಿರುಗಿ, ಎಷ್ಟು ತೆಗೀಬೇಕ್ರಿ ಎಂದು ಕೇಳಿದಳು. ಒಂದು ಬದಿಯ ಅಂಚು ತೆಗೆದರೆ ಸಾಕು ಎಂಬ ಮಾತು ಅವನ ಬಾಯಿಂದಲೇ ಬಂತು, ದಿನಾ ಹತ್ತು ಮಂದಿಗೆ ಹೇಳುವ ಧ್ವನಿಯಲ್ಲಿ ಬಂತು. ಪಾರ್ಸಲು ಕೊಯ್ಯುವ ಬ್ಲೇಡನ್ನು ಅವನೇ ಕೊಟ್ಟ. ಆಕೆ ನೆಲದ ಮೇಲೆ ಕೂತು, ಕಣ್ಣಿನ ಹತ್ತಿರ ಹಿಡಿದು, ತಾನೇ ಎಳೆದ ದಾರವನ್ನು ಒಂದೊಂದಾಗಿ ಹರಿಯತೊಡಗಿದಳು. ದಾರ ಹರಿಯುವ ಸದ್ದು ಬಹಳ ಸಣ್ಣದು, ಟ್ರ್ಯಾಕ್ಟರಿನ ಗದ್ದಲದ ನಡುವೆ ಅದು ಯಾರಿಗೂ ಕೇಳುವಂಥದ್ದಲ್ಲ. ಅವನಿಗೆ ಕೇಳುತ್ತಿತ್ತು. ಬೇರೆ ಬದಿಯ ಅಂಚು ಬಿಚ್ಚಬಹುದಿತ್ತಲ್ಲ ಎಂದು ಅವನು ನೋಡಿದ. ಉಳಿದ ಬದಿಗಳಿಗೆ ಅವ್ವ ಒಳಗಿನಿಂದ ಪದರಕ್ಕೆ ಪದರ ಕೂಡಿಸಿ ಹೊಲಿದಿದ್ದಳು, ಬಿಚ್ಚಿದರೆ ಕೌದಿಯೇ ಬಿಚ್ಚಿಕೊಳ್ಳುತ್ತಿತ್ತು. ಕೊನೆಗೆ ಹಚ್ಚಿದ ಬದಿಯೊಂದೇ ಬಿಡಿಸಲು ಬರುವಂಥದ್ದು, ತುತ್ತು ಇದ್ದ ಮೂಲೆಯೂ ಅದರದೇ. ಅಂಚು ಹಾವಿನ ಪೊರೆಯ ಹಾಗೆ ಉದ್ದಕ್ಕೆ ಕಳಚಿ ಬಂತು, ತುದಿಯಲ್ಲಿ ಆ ಗಟ್ಟಿ ಮೂಲೆ ಜೋತಾಡುತ್ತಿತ್ತು. ಕೌದಿಯ ಆ ಬದಿ ಬೋಳಾಗಿ ಎಳೆಗಳೆಲ್ಲ ಹೊರಬಿದ್ದವು. ಮಡಚಿ ಚೌಕಟ್ಟಿಗೆ ಹಿಡಿದರೆ ಜಾರಿಕೊಂಡು ಹೋಯಿತು. ನೋಡಿದ್ರ್ಯಾ ಎಂದರು ಬಸವಂತರಾಯರು. ಗುರುಪಾದ ಚೀಟಿ ಅಂಟಿಸಿ, ಸೀಮಾಳ ಹೆಸರು ಬರೆದು, ಗಾಡಿಗೆ ಒಯ್ದು ಹಾಕಿದ. ಹಾಕಿದ ಮೇಲೂ ಸ್ವಲ್ಪ ಹೊತ್ತು ಅದರ ಮೇಲೆ ಕೈಯಿಟ್ಟುಕೊಂಡು ನಿಂತಿದ್ದ. ಡ್ರೈವರು ಏನ್ರಿ ಅಂದಾಗ ಇಳಿದು ಬಂದ.

ಶೈಲಶ್ರೀ ಮೆಟ್ಟಿಲ ಮೇಲಿಂದ ಬಗ್ಗಿ, ಅತ್ತಿ, ಉಂಡೇ ಹೋಗಬೇಕ್ರಿ ಎಂದು ಕರೆದು ನಿಂಬೆವ್ವನನ್ನು ಮೇಲೆ ಕರೆದುಕೊಂಡು ಹೋದಳು. ಬಿಚ್ಚಿದ ಅಂಚನ್ನು ಅವ್ವ ಕೈಗೆ ಸುತ್ತಿಕೊಂಡಿದ್ದಳು. ಮಲ್ಕಮ್ಮನ ಡಬ್ಬಿ ಎಂದಿನಂತೆ ತೂರಿಹೋಯಿತು, ಆಕೆಯೂ ಹೋದಳು, ಪಾಳಿ ಕರಗಿತು. ಗಾಡಿ ಇನ್ನೂ ನಿಂತಿತ್ತು. ಅದರೊಳಗೆ ಕೌದಿ ಇದೆ ಎಂಬುದನ್ನು ಬಿಟ್ಟು ಅವನಿಗೆ ಬೇರೇನೂ ತೋಚುತ್ತಿರಲಿಲ್ಲ. ಇನ್ನೂ ಹೋಗಿಲ್ಲ, ಇಳಿಸಬಹುದು, ಅಂಚು ಮೇಲೆ ಅವ್ವನ ಕೈಯಲ್ಲೇ ಇದೆ, ಸೂಜಿ ದಾರ ಶೈಲಶ್ರೀಯ ಹತ್ತಿರ ಇದೆ. ಹೀಗೆ ಯೋಚಿಸುತ್ತಲೇ ನಿಂತಲ್ಲೇ ನಿಂತಿದ್ದ. ಆಗ ಹಣಮಂತ್ರಾಯರ ಜೀಪು ಬಂತು. ಊರಿನ ದೊಡ್ಡ ಕುಳ, ಮಾವನ ಹಳೆಯ ದೋಸ್ತ. ಹೈದರಾಬಾದಿನಲ್ಲಿ ಮಗಳ ಮನೆಯ ಪ್ರವೇಶ, ಸಾಗವಾನಿಯ ದೇವರ ಮಂಟಪ ಮಾಡಿಸಿ ಡಬ್ಬಿಯಲ್ಲಿ ಕಟ್ಟಿಸಿ ತಂದಿದ್ದರು. ಗುರುಪಾದ ರೂಢಿಯಂತೆ ಡಬ್ಬಿಯನ್ನು ಚೌಕಟ್ಟಿಗೆ ಹಿಡಿದ. ಸಿಕ್ಕಿಕೊಂಡಿತು. ಆಗಂಗಿಲ್ರಿ ಎಂದು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಹಿಂದೆ ಡ್ರಾಯರಿನ ಕೀಲಿ ತಿರುಗಿದ ಸದ್ದಾಯಿತು. ಬಸವಂತರಾಯರು ಟೇಪನ್ನು ತೆಗೆದು ಕೌಂಟರಿನ ಮೇಲೆ ಇಟ್ಟರು.

"ಅದ್ರಾಗ ಯಾಕ ತುರುಕ್ತೀರಿ ಅಳಿಯಂದ್ರ. ಅದು ಒಳಗ ಎರಡು ಬೆರಳ ಕಮ್ಮಿ ಅದ. ಟೇಪ್ ಹಿಡೀರಿ."

ಹಣಮಂತ್ರಾಯರು ಗಹಗಹಿಸಿ ನಕ್ಕು, ಹಂಗಾರ ಇಷ್ಟು ದಿನ ಮಂದಿನ್ನ ಹಂಗೇ ವಾಪಸ್ ಕಳಸಾಕತ್ತೀಯೇನು ಎಂದು ಕೇಳಿದರು. ಬಸವಂತರಾಯರಿಗೆ ಖುಷಿಯಾಯಿತು. ಮಂದಿಗಿ ಯಾವತ್ತೂ ಎರಡು ಬೆರಳ ಕಮ್ಮೀನೇ ಹೇಳಬೇಕು, ಅಂದ್ರ ಹದ್ದಿನಾಗ ಇರ್ತಾರ, ನಮಗೂ ವಾಪಸ್ ಬರೂ ತ್ರಾಸ ಇಲ್ಲ ಎಂದರು. ಶರಫುದ್ದೀನ ತಂದು ಇಳಿಸಿದ ದಿನವೇ ತಮಗೆ ಹೇಳಿದ್ದನಂತೆ. ಆಮೇಲೆ ದನಿ ತಗ್ಗಿಸುವ ಗೋಜಿಗೂ ಹೋಗದೆ, ಬಹಳ ಹಗುರವಾಗಿ ಒಂದು ಮಾತು ಕೂಡಿಸಿದರು:

"ನಮ್ಮ ಅಳಿಯಂದ್ರಿಗೂ ಗೊತ್ತದ. ಅವರೂ ಬಾಯಿ ಬಿಡಲಿಲ್ಲ, ನಾನೂ ಬಿಡಲಿಲ್ಲ. ಮನಿ ಮನುಷ್ಯಾ ಅಂದ್ರ ಹಿಂಗಿರಬೇಕು."

ಗುರುಪಾದನ ಕೈ ಟೇಪಿನ ಮೇಲಿತ್ತು, ಕಣ್ಣು ಮೆಟ್ಟಿಲಿಗೆ ಹೋಯಿತು. ಮೂರನೆಯ ಮೆಟ್ಟಿಲ ಮೇಲೆ ಅವ್ವ ನಿಂತಿದ್ದಳು. ಉಂಡು ಇಳಿದು ಬರುತ್ತಿದ್ದವಳು, ಇನ್ನೊಂದು ಮೆಟ್ಟಿಲಿಗೆಂದು ಎತ್ತಿದ ಕಾಲನ್ನು ಹಿಂದಕ್ಕೆ ಇಟ್ಟುಕೊಂಡು ನಿಂತಿದ್ದಳು. ಎಷ್ಟು ಕೇಳಿದ್ದಳು ಎಂದು ಲೆಕ್ಕ ಹಾಕಬೇಕಾಗಿರಲಿಲ್ಲ, ಮುಖವೇ ಹೇಳುತ್ತಿತ್ತು. ಅವನಿಗೆ ಮೊದಲು ಬಂದದ್ದು ನಾಚಿಕೆಯಲ್ಲ, ಒಂದು ವಿಚಿತ್ರವಾದ ನಷ್ಟ. ಈ ಮನೆಯಲ್ಲಿ ಮಂಚ ಮಾವನದು, ಅಂಗಡಿ ಮಾವನದು, ತಟ್ಟೆ ಲೋಟ ಮಾವನದು. ಈ ಒಂದು ತಪ್ಪು ಮಾತ್ರ ತನ್ನದೆಂದು ಎರಡು ವರ್ಷ ಒಳಗೇ ಹೊತ್ತು ಸಾಕಿದ್ದ. ಅದೂ ಮಾವನದೇ ಆಗಿತ್ತು. ಯಾವತ್ತಾದರೂ ಒಂದು ದಿನ ಎಲ್ಲರ ಎದುರು ಹೇಳಿ ಹಗುರಾಗುತ್ತೇನೆ ಎಂದು ಇಟ್ಟುಕೊಂಡಿದ್ದ ಆ ದಿನವನ್ನು ಅವರು ಡ್ರಾಯರಿನಿಂದ ತೆಗೆದು ಕೌಂಟರಿನ ಮೇಲೆ ಇಟ್ಟುಬಿಟ್ಟಿದ್ದರು. ಹೊರಗೆ ಗಾಡಿಯ ಇಂಜಿನು ಶುರುವಾಯಿತು. ಅಳಿಯಂದ್ರ, ಗಾಡಿ ಹೊಂಟದ, ಲಗೂ ಹಿಡೀರಿ ಎಂದರು ಮಾವ. ಟೇಪು ಬಹಳ ಹಳೆಯದು, ಒಂದು ತುದಿ ಒತ್ತಿ ಹಿಡಿಯದಿದ್ದರೆ ಸರ್ರನೆ ಒಳಗೆ ಹೋಗುತ್ತದೆ. ಅವನು ಎಡಗೈಯಿಂದ ಒಂದು ತುದಿ ಒತ್ತಿ ಬಲಗೈಯಿಂದ ಡಬ್ಬಿಯ ಆ ಅಂಚಿಗೆ ಎಳೆದ. ಹಣಮಂತ್ರಾಯರ ಡಬ್ಬಿ ಕಂಪನಿಯ ಸರಿಯಾದ ಅಳತೆಗಿಂತಲೂ ಒಂದು ಬೆರಳು ಹೆಚ್ಚಿತ್ತು. ಮತ್ತೊಮ್ಮೆ ನೋಡಿದ. ಹೆಚ್ಚೇ ಇತ್ತು, ಗೋದಾಮಿನಿಂದ ತಿರುಗಿ ಬರುವಂಥದ್ದು.

ಅವ್ವ ಇಳಿದು ಬಂದಳು. ಬರ್ತೇನ್ರಿ ಬೀಗರ ಎಂದು ಬಸವಂತರಾಯರಿಗೆ ಕೈಮುಗಿದಳು, ಅವರು ಎದ್ದು ನಿಂತು ಮುಗಿದರು. ಚೌಕಟ್ಟಿನ ಕಡೆ ಆಕೆ ನೋಡಲಿಲ್ಲ, ಪಕ್ಕದಿಂದ ಹಾಯುವಾಗ ಸೆರಗನ್ನು ಅದಕ್ಕೆ ತಾಗದ ಹಾಗೆ ಎಳೆದುಕೊಂಡಳು. ಮಗನ ಹತ್ತಿರ ಬಂದು ನಿಂತಳು. ಕೈಯಲ್ಲಿ ಸುತ್ತಿದ್ದ ಮಖಮಲ್ಲಿನ ಅಂಚಿನ ಮೂಲೆಯನ್ನು ಹಲ್ಲಿನಿಂದ ಹರಿದು, ಒಳಗಿನ ಹೋಳಿಗೆಯ ಚೂರನ್ನು ಬೆರಳಿನಿಂದ ಹೊರತೆಗೆದಳು. ಒಣಗಿ ಕಟ್ಟಿಗೆಯ ಚಕ್ಕೆಯಂತಾಗಿತ್ತು, ಚಂಪಾ ಬಣ್ಣದ ಒಂದೆರಡು ಎಳೆ ಅಂಟಿದ್ದವು. ಬೈಯುತ್ತಾಳೆ ಎಂದುಕೊಂಡ. ಬೈಯಲಿ ಎಂದು ಕಾದ.

"ಬಾಯಿ ತೆಗಿಯೋ ಗುರ್ಯಾ," ಎಂದಳು.

ಅವನ ಎರಡೂ ಕೈ ಟೇಪಿನ ಮೇಲಿದ್ದವು. ಬಾಯಿ ತೆಗೆದ. ತುತ್ತನ್ನು ನಾಲಿಗೆಯ ಮೇಲೆ ಇಟ್ಟಳು, ಹೆಬ್ಬೆರಳಿನಿಂದ ಒಳಗೆ ದೂಡಿದಳು. ಅವತ್ತು ಅರ್ಧನೇ ಕೊಟ್ಟಿದ್ದೆ, ಇದು ಕೌದಿ ಪಾಲಿಂದು, ಹೊರಗ ಚೆಲ್ಲಬಾರದು, ಮನಿ ಮಗ ತಿಂದ್ರ ನಡೀತದ ಎಂದಳು. ಆ ಕಣ್ಣಿನಲ್ಲಿ ಇದ್ದದ್ದು ಮಮತೆಯೋ, ಇವನು ಇಷ್ಟೇ ಎಂಬ ಕೊನೆಯ ಅಳತೆಯೋ ಅವನಿಗೆ ತಿಳಿಯಲಿಲ್ಲ, ಎರಡೂ ಇದ್ದವೇನೋ. ಇಷ್ಟು ವರ್ಷ ಕಾದಿದ್ದ ಆ ಕರೆ ಕೊನೆಗೂ ಬಂದಿತ್ತು, ಓ ಎನ್ನಲು ಬಾಯಿ ಖಾಲಿ ಇರಲಿಲ್ಲ. ಆಕೆ ಅಂಚನ್ನು ಮಡಚಿ ಬಗಲಿಗೆ ಸಿಕ್ಕಿಸಿಕೊಂಡು ಕಟ್ಟೆ ಇಳಿದಳು. ತಲೆಯ ಮೇಲೆ ಗಂಟಿಲ್ಲದೆ ಆಕೆ ಬಹಳ ಗಿಡ್ಡಗೆ ಕಂಡಳು. ಕಬ್ಬಿನ ಟ್ರ್ಯಾಕ್ಟರೊಂದು ಅಡ್ಡ ಬಂತು, ಅದು ದಾಟಿದ ಮೇಲೆ ರಸ್ತೆಯಲ್ಲಿ ಕಾಣಲಿಲ್ಲ.

ಹೋಳಿಗೆ ಹಲ್ಲಿಗೆ ಬಗ್ಗುತ್ತಿರಲಿಲ್ಲ. ಬೆಲ್ಲದ ರುಚಿ ಎಲ್ಲೋ ಆಳದಲ್ಲಿ ಉಳಿದಿತ್ತು, ಅದಕ್ಕಿಂತ ಮೊದಲು ಅರಿವೆಯ ರುಚಿ, ದಾರದ ರುಚಿ. ಒಂದು ಎಳೆ ಹಲ್ಲಿನ ಸಂದಿಗೆ ಸಿಕ್ಕಿಕೊಂಡಿತು. ಕಣ್ಣು ತುಂಬಿ ಟೇಪಿನ ಗೆರೆಗಳು ಕಲಸಿಹೋದವು, ಆದರೂ ಆ ಒಂದು ಬೆರಳು ಎಲ್ಲಿತ್ತೆಂದು ಅವನಿಗೆ ಸರಿಯಾಗಿ ಗೊತ್ತಿತ್ತು. ಹೊರಗೆ ಡ್ರೈವರು ಹಾರ್ನು ಹೊಡೆದ. ಹಣಮಂತ್ರಾಯರು ಕೈಗಡಿಯಾರ ನೋಡಿಕೊಂಡರು.

"ಎಷ್ಟು ಬಂತ್ರಿ ಅಳಿಯಂದ್ರ? ಹೋಗತದಿಲ್ಲ?" ಎಂದು ಕೇಳಿದರು ಬಸವಂತರಾಯರು.

ಗುರುಪಾದ ಟೇಪಿನ ತುದಿ ಬಿಟ್ಟ. ಅದು ಸರ್ರನೆ ಒಳಗೆ ಹೋಯಿತು. ತುಂಬಿದ ಬಾಯಿ ತೆರೆಯದೆ, ಹೋಗುತ್ತದೆ ಎಂದು ತಲೆಯಾಡಿಸಿದ.